ಉಬುಂಟು 22.04 ಕ್ಲೌಡ್ ಇಮೇಜ್: ಆರು ತಿಂಗಳು ಬಳಸಿದ ಮೇಲೆ

ಹುಬ್ಬಳ್ಳಿಯ ನಮ್ಮ ಸಣ್ಣ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವಳು ನಾನೊಬ್ಬಳೇ. ಆರು ತಿಂಗಳಿಂದ ಮೂರು ಸರ್ವರ್‌ಗಳಲ್ಲಿ ಉಬುಂಟು 22.04ರ ಕ್ಲೌಡ್ ಇಮೇಜ್, ಅಂದರೆ ಬಾಡಿಗೆ ಸರ್ವರ್‌ಗಳಿಗೆಂದೇ ಸಿದ್ಧಮಾಡಿಟ್ಟ ಲಿನಕ್ಸ್ ಪ್ರತಿ, ಓಡುತ್ತಿದೆ. ನನಗೆ ತುಂಬಾ ಹಿಡಿಸಿದೆ. ಬೇಗ ಬೂಟ್ ಆಗುತ್ತದೆ, ಬೇಡದ ಸಾಮಾನು ಕಮ್ಮಿ, ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೀ ಕೊಟ್ಟರೆ, ಮೊದಲ ಬೂಟ್‌ನಲ್ಲಿ ಸೆಟಪ್ ಮಾಡುವ ಕ್ಲೌಡ್-ಇನಿಟ್ ತಾನೇ ಕೂರಿಸಿಬಿಡುತ್ತದೆ. ಸಿಸ್ಟಮ್ ಬೂಟ್ ಮಾಡಿಸುವ ಗ್ರಬ್ ವಿಷಯದಲ್ಲಿ ಮಾತ್ರ ಎರಡು ದಿನ ಒದ್ದಾಡಿದೆ.

ನಮ್ಮಲ್ಲೊಂದು ಹಳೆಯ ಜಾವಾ 8 ಪ್ರೋಗ್ರಾಂ ಡಾಕರ್ ಕಂಟೇನರ್‌ನಲ್ಲಿದೆ (ಪ್ರೋಗ್ರಾಂ ಅನ್ನು ಬೇರೆಯಾಗಿ ಓಡಿಸುವ ಡಬ್ಬಿ ಅಂದುಕೊಳ್ಳಿ). ಕಂಟೇನರ್‌ಗೆ ಮೆಮೊರಿ ಮಿತಿ ಹಾಕುವುದು ಕರ್ನಲ್‌ನ (ಲಿನಕ್ಸಿನ ತಿರುಳು) ಸಿಗ್ರೂಪ್ ಅನ್ನುವ ವ್ಯವಸ್ಥೆ; 22.04ರಲ್ಲಿ ಬರುವುದು ಅದರ ಹೊಸ ರೂಪ, ವಿ2. ಆ ಹಳೆಯ ಜಾವಾಗೆ ಇದು ಗೊತ್ತಾಗುವುದಿಲ್ಲ. ಕಂಟೇನರ್‌ಗೆ 2 ಜಿಬಿ ಮೆಮೊರಿ ಮಿತಿ ಹಾಕಿದ್ದರೂ, ಸರ್ವರ್‌ನ 16 ಜಿಬಿ ನೋಡಿ ಕಾಲು ಭಾಗ, ಅಂದರೆ 4 ಜಿಬಿ ತನ್ನದು ಅಂದುಕೊಳ್ಳುತ್ತದೆ. 2 ದಾಟಿದ ಕೂಡಲೇ ಕರ್ನಲ್ ಅದನ್ನು ಕೊಂದುಹಾಕುತ್ತದೆ. ಜಾವಾ ಬದಲಿಸುವವರೆಗೆ ಹಳೆಯ ಸಿಗ್ರೂಪ್ ಸಾಕು ಅಂತ ಗ್ರಬ್‌ನ ಮುಖ್ಯ ಫೈಲ್ /ಇಟಿಸಿ/ಡೀಫಾಲ್ಟ್/ಗ್ರಬ್‌ನಲ್ಲಿ, ಬೂಟ್ ಆಗುವಾಗ ಕರ್ನಲ್‌ಗೆ ಹೋಗುವ ಡೀಫಾಲ್ಟ್ ಕಮಾಂಡ್‌ಲೈನ್ ಸಾಲಿಗೆ ‘ಸಿಸ್ಟಮ್‌ಡಿ.ಯೂನಿಫೈಡ್_ಸಿಗ್ರೂಪ್_ಹೈರಾರ್ಕಿ=0’ ಸೇರಿಸಿದೆ. ಬದಲಾವಣೆ ಜಾರಿಗೆ ತರುವ ಅಪ್‌ಡೇಟ್-ಗ್ರಬ್ ಕಮಾಂಡ್ ಹೊಡೆದೆ, ರೀಬೂಟ್ ಮಾಡಿದೆ. ಕರ್ನಲ್‌ಗೆ ನಿಜವಾಗಿ ಹೋದ ಸಾಲು ತೋರಿಸುವ /ಪ್ರಾಕ್/ಸಿಎಂಡಿಲೈನ್ ನೋಡಿದರೆ ನಾನು ಬರೆದದ್ದು ಇಲ್ಲವೇ ಇಲ್ಲ! ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯವರನ್ನು ಕೇಳಿದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿ ಅಂದರು. ಮಾಡಿದೆ. ಮತ್ತೆ ಅದೇ ಕತೆ.

ಉತ್ತರ ಕಣ್ಣೆದುರೇ ಇತ್ತು. ಅಪ್‌ಡೇಟ್-ಗ್ರಬ್ ಓಡಿದಾಗ ಮೊದಲ ಸಾಲಿನಲ್ಲಿ ‘ಸೋರ್ಸಿಂಗ್ ಫೈಲ್’ ಅಂತ ಮುಖ್ಯ ಫೈಲಿನ ಹೆಸರು ಬರುತ್ತದೆ. ಅದರ ಕೆಳಗೆ /ಇಟಿಸಿ/ಡೀಫಾಲ್ಟ್/ಗ್ರಬ್.ಡಿ ಫೋಲ್ಡರಿನ ‘50-ಕ್ಲೌಡ್‌ಇಮ್‌ಜಿ-ಸೆಟ್ಟಿಂಗ್ಸ್.ಸಿಎಫ್‌ಜಿ’ ಬರುತ್ತದೆ. ಮುಖ್ಯ ಫೈಲ್ ಓದಿದ ಮೇಲೆ ಈ ಫೋಲ್ಡರಿನ ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಓದುತ್ತದೆ. ಒಂದೇ ಸೆಟ್ಟಿಂಗ್ ಎರಡು ಕಡೆ ಇದ್ದರೆ ಕೊನೆಗೆ ಓದಿದ್ದೇ ಉಳಿಯುತ್ತದೆ. ಆ 50ರ ಫೈಲಿನಲ್ಲಿ ಕಮಾಂಡ್‌ಲೈನ್‌ಗೆ ‘ಕನ್ಸೋಲ್=ಟಿಟಿವೈ1 ಕನ್ಸೋಲ್=ಟಿಟಿವೈಎಸ್0’ ಅಂತ ಹೊಸದಾಗಿ ಬರೆದಿದ್ದಾರೆ, ಅದಕ್ಕೇ ನಾನು ಬರೆದದ್ದು ಹೋಯಿತು. ಬೂಟ್ ಮೆನು ಕಾಯುವ ಟೈಮ್‌ಔಟ್ 0.

ಇದು ಬೇಕಂತಲೇ ಮಾಡಿರುವುದು, ಸರಿಯಾಗಿಯೂ ಇದೆ. ಕ್ಲೌಡ್‌ನಲ್ಲಿ ಬೂಟ್ ಮೆನು ಮುಂದೆ ಯಾರು ಕೂತಿರುತ್ತಾರೆ? ಸೀರಿಯಲ್ ಕನ್ಸೋಲ್ (ಆ ಟಿಟಿವೈಎಸ್0) ಇದ್ದರೆ ತಾನೇ ಬೂಟ್ ಲಾಗ್ ಬ್ರೌಸರಿನಲ್ಲಿ ಕಾಣುವುದು.

ಹಾಗಾಗಿ 50ರ ಫೈಲ್ ಮುಟ್ಟಬೇಡಿ. ಅದೇ ಫೋಲ್ಡರಿನಲ್ಲಿ 99ರಿಂದ ಶುರುವಾಗುವ ಒಂದು .ಸಿಎಫ್‌ಜಿ ಫೈಲ್ ಮಾಡಿ. ಕಮಾಂಡ್‌ಲೈನ್ ಸಾಲಿನಲ್ಲಿ ಮೊದಲು ಡಾಲರ್ ಚಿಹ್ನೆ ಹಾಕಿ ಅದೇ ವೇರಿಯಬಲ್ ಹೆಸರು ಬರೆಯಿರಿ, ಆಮೇಲೆ ನಿಮ್ಮದು ಸೇರಿಸಿ. ಇದನ್ನು ಮರೆತರೆ ಸೀರಿಯಲ್ ಕನ್ಸೋಲ್ ಹೋಗುತ್ತದೆ. ಸರ್ವರ್ ಏಳದ ದಿನ ಅದೇ ಬೇಕಾಗುವುದು ಅಲ್ವಾ?

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ‘ಗ್ರಬ್.ಡಿ ಕೂಡ ನೋಡಿ’ ಅಂತ ಮುಖ್ಯ ಫೈಲಿನ ತಲೆಯಲ್ಲೇ ಒಂದು ಸಾಲು ಇದ್ದಿದ್ದರೆ ಪೂರ್ತಿ ಐದು. ಈಗ ಮೂರೂ ಸರ್ವರ್‌ಗಳಲ್ಲಿ ಆ 99ರ ಫೈಲ್ ಇದೆ. ಜಾವಾ ಬದಲಾದ ದಿನ ಅದನ್ನು ಅಳಿಸಿ, ಅಪ್‌ಡೇಟ್-ಗ್ರಬ್ ಹೊಡೆದು, ಒಂದು ರೀಬೂಟ್ ಮಾಡಿದರೆ ಇಮೇಜ್ ಮೊದಲಿನಂತಾಗುತ್ತದೆ.