ಹಳೆಯ ಸೆಸ್ನಾಗೆ ಎಣ್ಣೆಯೋ, ಮೇಣವೋ?

ಫ್ಲೋರಿಡಾದಂಥ ಕರಾವಳಿಯಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ಇಟ್ಟುಕೊಂಡವರಿಗೆ ಉಪ್ಪುಗಾಳಿಯೇ ದೊಡ್ಡ ಶತ್ರು. ಈ ಮಾದರಿಯ ಎಷ್ಟೋ ಹಳೆಯ ವಿಮಾನಗಳ ರೆಕ್ಕೆಯೊಳಗೆ ಪ್ರೈಮರ್ (ಬಣ್ಣಕ್ಕೂ ಮೊದಲು ಬಳಿಯುವ ಲೇಪ) ಕೂಡ ಬಳಿದಿಲ್ಲ. ಒಳಗಿರುವುದು ಬರಿಯ ಅಲ್ಯೂಮಿನಿಯಂ.

ತುಕ್ಕು ತಡೆಯಲು ಸಿಂಪಡಿಸುವ ದ್ರವಗಳಲ್ಲಿ ಎರಡು ಬಗೆ. ಎಸಿಎಫ್-50, ಕರೋಷನ್‌ಎಕ್ಸ್ ಎಣ್ಣೆಯಂಥವು. ಮಂಜಿನಂತೆ ಸಿಂಪಡಿಸಿದರೆ ರಿವೆಟ್‌ಗಳ (ತಗಡು ಜೋಡಿಸುವ ಮೊಳೆಗಳ) ಸುತ್ತ, ತಗಡುಗಳ ಬೆಸುಗೆಯಿಲ್ಲದ ಸಂದುಗಳೊಳಗೆ ತಾವೇ ಹರಿದು ತೇವವನ್ನು ಹೊರದೂಡುತ್ತವೆ. ತುಕ್ಕು ಆಗಲೇ ಶುರುವಾಗಿದ್ದರೂ ಅದರ ವೇಗ ತಗ್ಗಿಸುತ್ತವೆ. ಕಿರಿಕಿರಿ ಎಂದರೆ ವಾರಗಟ್ಟಲೆ ರಿವೆಟ್‌ಗಳಿಂದ ಜಿನುಗಿ, ಧೂಳು ಹಿಡಿದು, ಬಿಳಿ ಬಣ್ಣದ ಮೇಲೆ ಕೊಳಕು ಗೆರೆ ಎಳೆಯುತ್ತವೆ. ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಸಿಂಪಡಿಸಲೇಬೇಕು.

ಎಲ್‌ಪಿಎಸ್-3, ಕಾರ್-ಬ್ಯಾನ್ 35 ಒಣಗಿ ಮೇಣದಂಥ ಪದರವಾಗುತ್ತವೆ. ಹೆಚ್ಚು ಕಾಲ ನಿಲ್ಲುತ್ತವೆ, ಸೋರುವುದೂ ಕಡಿಮೆ. ಆದರೆ ಕೊಳೆಯ ಮೇಲೆ ಬಳಿದರೆ ಕೊಳೆಯನ್ನೂ ತೇವವನ್ನೂ ಒಳಗೇ ಮುಚ್ಚಿಡುವ ಅಪಾಯವಿದೆ.

ಹಾರುತ್ತಿರುವ ಹಳೆಯ ವಿಮಾನಕ್ಕೆ ನನ್ನ ಮತ ಎಣ್ಣೆಗೇ, ಗೆರೆಗಳನ್ನು ಒರೆಸಿಕೊಂಡರಾಯಿತು. ಫಲಕ ಬಿಚ್ಚಿ ಶುಚಿಗೊಳಿಸಿರುವಾಗ, ಬ್ಯಾಟರಿ ಪೆಟ್ಟಿಗೆಯ ಸುತ್ತ ಅಥವಾ ನೆಲಹಾಸಿನ ಕೆಳಗೆ, ಮೇಣ ಸರಿ. ಯಾವುದನ್ನೇ ಆರಿಸಿದರೂ ಬ್ರೇಕ್ ಡಿಸ್ಕ್‌ಗಳನ್ನು ಮುಚ್ಚಿಡಿ, ಆಮ್ಲಜನಕದ ಕೊಳವೆಗಳ ಹತ್ತಿರ ಸುಳಿಯಬೇಡಿ: ಎಣ್ಣೆಗೆ ಆಮ್ಲಜನಕ ಸೇರಿದರೆ ಬೆಂಕಿ. ನೀರು ಬಸಿಯುವ ರಂಧ್ರಗಳು ತೆರೆದೇ ಇರಲಿ.