ಮೂರು ಬೇಸಿಗೆ ಕಂಡ ನಮ್ಮ ಮನೆಯ ಏರ್ ಕೂಲರ್

ಈ ಕೂಲರ್ ಮನೆಗೆ ಬಂದು ಇದು ಮೂರನೇ ಬೇಸಿಗೆ. 40 ಲೀಟರ್ ಟ್ಯಾಂಕ್, ಮೂರು ಕಡೆ ಜೇನುಗೂಡಿನಂಥ ಪ್ಯಾಡ್, 180 ವ್ಯಾಟ್. ತಂದ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಈಗ ಮೂರೂವರೆ.

ಒಣ ಬಿಸಿಲಿನ ದಿನ ಇದು ನಿಜಕ್ಕೂ ತಂಪು ಕೊಡುತ್ತದೆ. ಹೋದ ವರ್ಷ ಒಂದು ಮಧ್ಯಾಹ್ನ ಮಗಳು ಥರ್ಮಾಮೀಟರ್ ಹಿಡಿದು ಮನೆಯೆಲ್ಲ ಓಡಾಡಿದಳು. ಹೊರಗೆ ನೆರಳಲ್ಲಿ 39 ಡಿಗ್ರಿ, ಕೂಲರ್ ಬಾಯಿಯ ಹತ್ತಿರ 28. ಕರೆಂಟೂ ಕಮ್ಮಿ. ಹತ್ತು ಗಂಟೆ ಓಡಿದರೂ ಎರಡು ಯೂನಿಟ್ ದಾಟುವುದಿಲ್ಲ. ಒಂದೂವರೆ ಟನ್ ಎಸಿ ಅಷ್ಟನ್ನು ಒಂದೆರಡು ಗಂಟೆಯಲ್ಲೇ ಮುಗಿಸಬಹುದು.

ಆದರೆ ಮೋಡ ಕಟ್ಟಿ, ಮಳೆಯೂ ಬಾರದೆ, ಮೈ ಅಂಟಂಟಾಗುವ ದಿನ ಇದನ್ನು ನೆಚ್ಚಿಕೊಳ್ಳಬೇಡಿ. ನೀರು ಆವಿಯಾದರೆ ತಾನೇ ತಂಪು? ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಪ್ಯಾಡಿನ ನೀರು ಎಲ್ಲಿಗೆ ಹೋಗಬೇಕು? ನಾನು ಹೊರಗೆ ಹರವಿದ ಟವೆಲ್ ನೋಡುತ್ತೇನೆ. ಒಂದು ಗಂಟೆಯಲ್ಲಿ ಗರಿಗರಿ ಒಣಗಿದ್ದರೆ ಕೂಲರ್. ಸಂಜೆಯಾದರೂ ಹಸಿ ಇದ್ದರೆ ಪಂಪ್ ಆಫ್, ಬರೀ ಫ್ಯಾನ್.

ಕಿಟಕಿಯ ಜಗಳ ಇವತ್ತಿಗೂ ಮುಗಿದಿಲ್ಲ. ಕೂಲರ್ ಹಾಕಿದಾಗ ಎದುರು ಕಿಟಕಿ ಸ್ವಲ್ಪ ತೆರೆದಿರಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೋಣೆ ಹಬೆ ಕಟ್ಟಿದ ಹಾಗಾಗುತ್ತದೆ. ಅತ್ತೆಗೆ ಇದು ಒಪ್ಪಿಗೆಯಿಲ್ಲ. "ಇರೋ ತಂಪೆಲ್ಲ ಹೊರಗೆ ಹೋಗುತ್ತೆ ಕಣಮ್ಮ, ಮುಚ್ಚು" ಅನ್ನುತ್ತಾರೆ. ನಾನು ತೆರೆಯುತ್ತೇನೆ, ಅವರು ಮುಚ್ಚುತ್ತಾರೆ.

ಮಕ್ಕಳದು ಇನ್ನೊಂದು ಪ್ರಯೋಗ. ಫ್ರಿಜ್ಜಿನ ಐಸೆಲ್ಲ ತಂದು ಟ್ಯಾಂಕಿಗೆ ಸುರಿಯುವುದು. ಸ್ವಲ್ಪ ಹೊತ್ತು ಖುಷಿ, ಅಷ್ಟೇ. ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖ ಸುಮಾರು 334 ಕಿಲೋಜೌಲ್. ಒಂದು ಕಿಲೋ ನೀರು ಆವಿಯಾಗುವಾಗ ಹೀರುವುದು ಸುಮಾರು 2,400. ಅಂದರೆ ಏಳು ಪಟ್ಟು. ಐಸನ್ನು ಕುಡಿಯುವುದಕ್ಕೆ ಉಳಿಸಿಕೊಳ್ಳಿ.

ಇನ್ನು ನೀರು ತುಂಬಿಸುವ ಕೆಲಸ. ಜೋರು ಸ್ಪೀಡಿನಲ್ಲಿ ಟ್ಯಾಂಕ್ ಐದಾರು ಗಂಟೆಗೆ ಖಾಲಿ. ಬೇಸಿಗೆಯಲ್ಲಿ ನಾವೆಲ್ಲ ಹಾಲ್‌ನಲ್ಲೇ ಸಾಲಾಗಿ ಮಲಗುತ್ತೇವೆ. ರಾತ್ರಿ ಮೂರು ಗಂಟೆಗೆ ಪಂಪ್ ಗೊರಗೊರ ಅನ್ನಲು ಶುರು ಮಾಡುತ್ತದೆ. ಎಲ್ಲರಿಗೂ ಎಚ್ಚರವಾಗಿರುತ್ತದೆ, ಎಲ್ಲರೂ ನಿದ್ದೆ ಬಂದವರ ಹಾಗೆ ಬಿದ್ದಿರುತ್ತಾರೆ. ಕೊನೆಗೆ ಬಕೆಟ್ ಹಿಡಿದು ಏಳುವುದು ನಾನೋ ನಮ್ಮವರೋ. ನೀರಿಲ್ಲದೆ ಪಂಪ್ ಓಡಿದರೆ ಸುಟ್ಟುಹೋಗುತ್ತದೆ ಅಂತ ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ ಅಂತ ಕಾಣುತ್ತದೆ!

ಎರಡನೇ ವರ್ಷ ತೊಂದರೆ ಶುರುವಾಯಿತು. ಗಾಳಿ ಮೀನಿನ ವಾಸನೆ ಹೊಡೆಯತೊಡಗಿತು. ಪ್ಯಾಡ್ ಬಿಚ್ಚಿ ನೋಡಿದರೆ ಒಂದು ಕಡೆ ಪಾಚಿ, ಇನ್ನೊಂದು ಕಡೆ ಬಿಳೀ ಸುಣ್ಣದ ಪದರ. ನಮ್ಮದು ಗಡಸು ನೀರು. ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟು ಮೆತ್ತಗೆ ಬ್ರಷ್ ಆಡಿಸಿದ ಮೇಲೆ ಸುಮಾರಾಗಿ ಸರಿಹೋಯಿತು. ಈಗ ಆಫ್ ಮಾಡುವ ಮುಂಚೆ ಅರ್ಧ ಗಂಟೆ ಪಂಪ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸುತ್ತೇವೆ. ಪ್ಯಾಡ್ ಒಣಗುತ್ತದೆ, ವಾಸನೆ ಇಲ್ಲ. ಈ ಮಾತು ಜೊತೆಗೆ ಬಂದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಒಮ್ಮೆ ಹತ್ತು ದಿನ ಮನೆಗೆ ಬೀಗ ಹಾಕಿ ಹೋಗಿದ್ದೆವು. ಬಂದು ನೋಡಿದರೆ ಟ್ಯಾಂಕಿನ ತಳದಲ್ಲಿ ಸೊಳ್ಳೆಮರಿಗಳು ಸುಳಿದಾಡುತ್ತಿದ್ದವು. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಅವತ್ತಿನಿಂದ ಪ್ರತಿ ಭಾನುವಾರ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒರೆಸುತ್ತೇವೆ. ಪೂರ್ತಿ ಅಂದೆ, ಆದರೆ ಅದು ಅಷ್ಟು ಸುಲಭವಲ್ಲ. ನೀರು ಬಿಡುವ ಬಿರಡೆ ತಳಕ್ಕಿಂತ ಒಂದಿಂಚು ಮೇಲಿದೆ. ಉಳಿದ ನೀರು ಹೋಗಬೇಕಾದರೆ ಇಬ್ಬರು ಸೇರಿ ಕೂಲರನ್ನು ಓರೆ ಮಾಡಬೇಕು. ಈ ಕೂಲರ್ ತಯಾರಿಸಿದವರು ಒಂದು ದಿನವಾದರೂ ತಾವೇ ತೊಳೆದು ನೋಡಿಲ್ಲ, ಅದಂತೂ ಖಚಿತ.

ಮತ್ತೆ ಕೊಳ್ಳುವುದಾದರೆ ಕೂಲರೇ ಕೊಳ್ಳುತ್ತೇನೆ, ಈ ಮಾದರಿ ಅಲ್ಲ. ಬಿರಡೆ ತಳದಲ್ಲೇ ಇರಬೇಕು. ನೀರಿನ ಮಟ್ಟ ತೋರಿಸುವ ಗಾಜು ಮುಂದೆ ಇರಬೇಕು. ನಮ್ಮದರಲ್ಲಿ ಅದು ಹಿಂದೆ, ಗೋಡೆಯ ಕಡೆಗಿದೆ. ರಾತ್ರಿ ನೋಡಬೇಕೆಂದರೆ ಟಾರ್ಚ್ ಹಿಡಿದು, ಮಲಗಿದವರ ಕಾಲು ದಾಟಿ, ಬಗ್ಗಿ ಇಣುಕಬೇಕು.