ಎರಡು ವರ್ಷ ಬಳಸಿದ ಮ್ಯಾಲ: ಡಗ್ಗಾ ಡಿಕ್ಕಿ ಬಿಟ್ಟು ಮುಂದ ಬಂತು

ನನ್ನ ಸ್ವಿಫ್ಟ್ ಕಾರಿನ ಡೋರಿಗೆ ಕಾಂಪೊನೆಂಟ್ ಸ್ಪೀಕರ್, ನಾಲ್ಕು ಚಾನೆಲ್ ಆಂಪ್ಲಿಫೈಯರ್ (ಆಂಪ್), ಡಿಕ್ಕ್ಯಾಗ 10 ಇಂಚಿನ ಸಬ್ (ಬೇಸ್ ಅಷ್ಟ ನುಡಿಸೋ ದೊಡ್ಡ ಸ್ಪೀಕರ್) ಹಾಕ್ಸಿ ಎರಡು ವರ್ಷ ಆತು, ಡೋರಿನ ಡ್ಯಾಂಪಿಂಗ್ ಶೀಟ್ ಹಿಡದು 34 ಸಾವಿರ. ವ್ಯಾಟ್ ಗೀಟ್ ಎಲ್ಲಾ ಡಬ್ಬಿ ಮ್ಯಾಲ ಇರ್ತಾವ, ಬಿಡ್ರಿ. ನನ್ನ ತಲಿ ಕೆಡ್ಸಿದ್ದು ಕ್ರಾಸ್‌ಓವರ್, ಅಂದ್ರ ಯಾವ ಸ್ಪೀಕರಿಗೆ ಯಾವ ದನಿ ಹೋಗ್ಬೇಕು ಅಂತ ಹಂಚೋ ಸೆಟ್ಟಿಂಗ್.

ದಿನಾ ಮುಂಜಾನೆ ಕೋಥ್ರೂಡದಾಗ ಗಾಡಿ ಚಾಲೂ ಮಾಡಿ ಭೀಮಸೇನ ಜೋಶಿಯವರನ್ನ ಹಚ್ಚತೀನಿ, ತಂಬೂರಿ ಶುರುವಾಗಿ ಅವರು ಮೊದಲನೇ ಸಾ ಹಿಡಿಯೂತನಕ ಹ್ಯಾಂಡ್‌ಬ್ರೇಕ್ ಇಳಸೂದಿಲ್ಲ, ಹಿಂಜವಡಿ ಟ್ರಾಫಿಕ್ ಏನಿದ್ರೂ ಆಮ್ಯಾಲ. ನಾನೂ ಗದಗ ಕಡೆಯಾಂವ, ಅವರೂ ಆ ಕಡೆಯಿಂದ ಪುಣೆಕ್ಕ ಬಂದು ನೆಲಸಿದವರು. ಆದ್ರ ಒಂದೂವರೆ ವರ್ಷ ನಾ ಕೇಳಿದ ದನಿಯೊಳಗ ಗಂಟಲ ಇತ್ತು, ಎದಿ ಇರ್ಲಿಲ್ಲ. ಹಾಕಿದ ಅಂಗಡಿಗೆ ಹೋದ್ರ "ಗೇನ್ ವಾಢವೂನ್ ದೇತೋ" (ಆಂಪಿನ ಜೋರು ಏರ್ಸಿ ಕೊಡ್ತೀನಿ) ಅಂತ ಮರಾಠಿಯೊಳಗ ಅಂದು ಏರ್ಸಿ ಕೊಟ್ರು, ಡೋರ್ ಗಡಗಡ ಅನ್ನಾಕ ಹತ್ತಿತು ಅಷ್ಟ. ದೀಪಾವಳಿಗೆ ಬಂದ ಅಪ್ಪ ಐದ ನಿಮಿಷ ಕೇಳಿ, "ಯಪ್ಪಾ, ತಬಲಾ ಬಾರ್ಸಾಂವನ್ನ ಡಿಕ್ಕ್ಯಾಗ ಯಾಕ ಕುಂದ್ರಿಸಿಯೋ?" ಅಂದ್ರು.

ಆ ಮಾತು ಮನಸ್ಸಿಗೆ ಹತ್ತಿತು. ಆ ರವಿವಾರ ಮೊಬೈಲ್ ಟಾರ್ಚ್ ಹಚ್ಚಿ ಸೀಟ್ ಕೆಳಗಿನ ಆಂಪ್ ಇಣುಕಿ ನೋಡಿದ್ರ, ಡ್ಯಾಶ್‌ಬೋರ್ಡಿನ ಹೆಡ್ ಯೂನಿಟ್ಟಿನಾಗ (ಸ್ಟೀರಿಯೋದಾಗ) ಡೋರಿನ ಎಚ್‌ಪಿಎಫ್, ಅಂದ್ರ ಕೆಳಗಿನ ದನಿ ತಡೆಯೋ ಫಿಲ್ಟರ್, 80 ಹರ್ಟ್ಸ್ ಹಾಕಿದ್ದೂ ಅಲ್ದ ಆಂಪಿನ ಎಚ್‌ಪಿಎಫ್ ಸ್ವಿಚ್ಚೂ ಆನ್. ಅದರ ನಾಬಿನ ಮ್ಯಾಲ ಈ ಕಡೆ 50, ಆ ಕಡೆ 250, ನಡುವ ಒಂದ ಗೆರಿನೂ ಇಲ್ಲ, ಮುಳ್ಳು ಅರ್ಧಕ್ಕ ನಿಂತಿತ್ತು. ಅಂದ್ರ ಒಂದ ದನಿಗೆ ಎರಡ ಜರಡಿ, ಗಂಡಸರ ದನಿಯ ತಳ ಅಲ್ಲೇ ಸೋಸಿ ಹೋಗ್ತಿತ್ತು. ಸಬ್ಬಿನ ಎಲ್‌ಪಿಎಫ್ (ಮ್ಯಾಲಿನ ದನಿ ತಡೆಯೋ ಫಿಲ್ಟರ್) ಬ್ಯಾರೆ 120ಕ್ಕಿತ್ತು, ಅಷ್ಟು ಮ್ಯಾಲಿನ ಸಪ್ಪಳ ಎಲ್ಲಿಂದ ಬರತೈತಿ ಅಂತ ಕಿವಿಗೆ ಗೊತ್ತಾಗತೈತಿ, ಅದಕ್ಕ ಡಗ್ಗಾ (ತಬಲಾ ಜೋಡಿಯೊಳಗಿನ ದಪ್ಪ ದನಿದು) ಹಿಂದ ಕುಂತಿತ್ತು.

ಆಂಪಿನ ಫಿಲ್ಟರ್ ಎಲ್ಲಾ ಆಫ್ ಮಾಡಿ, ಹೆಡ್ ಯೂನಿಟ್ಟಿನಾಗ ಡೋರಿಗೂ 80, ಸಬ್ಬಿಗೂ 80 ಇಟ್ಟೆ, ಸಬ್ಬಿನ ಸ್ಲೋಪ್ (80ರ ಮ್ಯಾಲಿನ ದನಿ ಎಷ್ಟು ಜಲ್ದಿ ಇಳೀಬೇಕು ಅನ್ನೂದು) 24 ಡಿಬಿ. ಆಮ್ಯಾಲ ಸಬ್ಬಿನ ಫೇಸ್ (ಅದರ ಅಲಿ ಸುಲ್ಟಾ ಇಲ್ಲಾ ಉಲ್ಟಾ ಮಾಡೋ ಸೆಟ್ಟಿಂಗ್) ತಿರುವಿ ನೋಡ್ರಿ, ಇದಕ್ಕ ರೊಕ್ಕ ಬೀಳೂದಿಲ್ಲ, 180 ಡಿಗ್ರಿಗೆ ಒಗದ ಕೂಡ್ಲೇ ಬೇಸ್ ತುಂಬಿ ಬಂತು, ಅಲ್ಲೀತನಕ ಡೋರೂ ಸಬ್ಬೂ ಒಂದನ್ನೊಂದು ಕಡೀತಿದ್ವು. ಡಗ್ಗಾದ ಗುಂಯ್ ಅನ್ನೂದು ಡ್ಯಾಶ್‌ಬೋರ್ಡ್ ಮ್ಯಾಲಿಂದ ಬಂತು ನೋಡ್ರಿ, ನಾ ಪಾರ್ಕಿಂಗಿನಾಗ ಅರ್ಧಾ ತಾಸು ಸುಮ್ನ ಕುಂತೆ. ಸಾಮಾನಿನ ಮ್ಯಾಲಿನ ಸಿಟ್ಟು ಅವತ್ತ ಹೋತು, ಸ್ಪೀಕರಿನ ತಪ್ಪು ಏನೂ ಇರ್ಲಿಲ್ಲ. ಸೆಟ್ಟಿಂಗ್ ಮಾಡದ ಫಿಟ್ಟಿಂಗ್ ಚಾರ್ಜ್ ತಗೊಂಡವರ ಮ್ಯಾಲ ಇನ್ನೂ ಐತಿ.

ಊರಿಗೆ ಹೋಗುವಾಗ ಹೈವೇದಾಗ ಟೈರ್ ಸಪ್ಪಳ ಬೇಸ್ ತಿಂತೈತಿ, ಸಬ್ ಲೆವೆಲ್ ಎರಡು ಏರಸ್ತೀನಿ, ತಿರಗಿ ಬರುವಾಗ ಕಾತ್ರಜ್ ಹತ್ರ ಇಳಸ್ತೀನಿ. 80 ಮಾತ್ರ ಮುಟ್ಟಿಲ್ಲ.